ಗುಡ್ಡ ಹತ್ತುವ ಗಾಡಿ

ಸಣ್ಣ ಎಂಜಿನ್ನಿನ, ಎತ್ತರದ ಸೀಟಿನ, ಗುಡ್ಡ ಹತ್ತುವ ಮೋಟಾರ್ ಸೈಕಲ್ ಕೊಳ್ಳಲು ಹೊರಟವರಿಗೆ ನಾನು ಅತ್ಯಂತ ಗಂಭೀರವಾಗಿ ಹೇಳುವುದು ಒಂದೇ ಮಾತು: ಮೊದಲು ಹೆಂಡತಿಯನ್ನು ಅದರ ಮೇಲೆ ಕೂರಿಸಿ, ಆಕೆಯ ಕಾಲು ನೆಲಕ್ಕೆ ಮುಟ್ಟುತ್ತದೆಯೋ ನೋಡಿ. ಈವರೆಗೆ ಯಾರೂ ನೋಡಿದ್ದಿಲ್ಲ. ನಾನೂ ನೋಡಿರಲಿಲ್ಲ.

ತೊಂಬತ್ತರ ದಶಕದ ಕೊನೆ. ನಮ್ಮ ಮನೆ ಪುಣೆಯ ಬಿಬವೇವಾಡಿಯಲ್ಲಿ. ಹೆಂಡತಿಗೆ ಖಡಕಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಜೂನಿನಿಂದ ಹೋಗಬೇಕು, ಬೆಳಿಗ್ಗೆ ಏಳಕ್ಕೆ ಪ್ರಾರ್ಥನೆ. ಶಿವಾಜಿನಗರದಲ್ಲಿ ಬಸ್ಸು ಬದಲಿಸಬೇಕು. ಮೊದಲನೆಯದು ಅಪ್ಪಿತಪ್ಪಿ ಸಮಯಕ್ಕೆ ಮುಟ್ಟಿದರೆ ಎರಡನೆಯದು ಆಗಲೇ ಹೋಗಿರುತ್ತಿತ್ತು. ಮದುವೆಯಾದ ಆರು ವರ್ಷಗಳಲ್ಲಿ ಆಕೆ ಬಾಯಿಬಿಟ್ಟು ಒಂದು ವಸ್ತು ಕೇಳಿದ್ದು ಆಗಲೇ.

"ಗೇರಿಲ್ಲದ ಸ್ಕೂಟರ್ ತಗೋಳ್ರಿ. ನಾ ಕಲೀತೀನಿ. ಮುಂಜಾನೆ ನಂದು, ಸಂಜೀಕ ನಿಮ್ಮದು."

"ಆತು," ಎಂದೆ.

ಗುಡಿಪಾಡವಾ ಹಬ್ಬದ ದಿನ ಹೊಸ ಗಾಡಿ ತರುವುದು ಪುಣೆಯ ಪದ್ಧತಿ. ಅಂದೇ ನಮ್ಮ ಯುಗಾದಿ. ಹೋಳಿಗೆಯ ಕೆಲಸವಿದ್ದುದರಿಂದ ಆಕೆ ಮನೆಯಲ್ಲಿ ಉಳಿದಳು, ನಾನೊಬ್ಬನೇ ಅಂಗಡಿಗೆ ಹೋದೆ. ಅಲ್ಲಿ ಗೋಡೆಯ ಮೇಲೊಂದು ಚಿತ್ರ: ಹಿಮದ ಬೆಟ್ಟ, ಕೆಸರು ಮೆತ್ತಿದ ಗಾಡಿ, ಹೆಂಡತಿಯಿಲ್ಲದ ಸವಾರ. ಚಿತ್ರದ ಕೆಳಗೇ ಆ ಗಾಡಿ ನಿಂತಿತ್ತು. "ಸಾಹೇಬ, ಡೋಂಗರ ಪಣ್ ಚಢೇಲ," ಎಂದ ಅಂಗಡಿಯವ. ಗುಡ್ಡವನ್ನೂ ಹತ್ತುತ್ತದಂತೆ. ಫೈಲುಗಳ ಗುಡ್ಡದ ಹೊರತು ಬೇರೆ ಗುಡ್ಡ ಕಾಣದ ಗುಮಾಸ್ತನಿಗೆ ಇನ್ನೇನು ಬೇಕು?

ಬಾಗಿಲಲ್ಲಿ ಆಕೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಚಕ್ರಗಳ ಕೆಳಗಿಡಲು ಎರಡು ನಿಂಬೆಹಣ್ಣು. ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಹೊಸ ಗಾಡಿಯೆದುರು ಕೆಟ್ಟ ಮಾತಾಡಬಾರದೆಂಬುದು ನಮ್ಮ ಮನೆಯ ಶಾಸ್ತ್ರ. ಆ ಶಾಸ್ತ್ರದ ಆಸರೆಯಲ್ಲಿ ನಾನು ಬದುಕಿಕೊಂಡೆ. ಹಿಮ್ಮಡಿ ಎತ್ತಿ ಹೆಡ್‌ಲೈಟಿಗೆ ಕುಂಕುಮ ಹಚ್ಚಿದಳು. ಒಳಗೆ ಹೋದ ಮೇಲೆಯೇ ಕೇಳಿದ್ದು:

"ನಾ ಹೆಂಗ ಹೊಡೀಬೇಕ್ರಿ ಇದನ್ನ? ನಿಚ್ಚಣಿಕಿ ಇಟ್ಟೇನು?"

"ನೀ ಯಾಕ ಹೊಡೀಬೇಕು? ದಿನಾ ನಾನ ಬಿಟ್ಟು ಬರ್ತೀನಿ."

ಇಂಥ ಘೋಷಣೆಗಳನ್ನು ನಾನು ನಿಂತುಕೊಂಡೇ ಮಾಡುತ್ತೇನೆ.

ಮೇ ತಿಂಗಳಲ್ಲಿ ಸಾಹಸಯಾತ್ರೆ ನಡೆಯಿತು. ಹಿಮಾಲಯ ದೂರವಾದ್ದರಿಂದ ಕಾತ್ರಜ್ ಘಾಟಿಗೆ ಹೊರಟೆವು. ಅರ್ಧ ಘಾಟಿನಲ್ಲೇ ಗಾಡಿ ಮೊದಲನೆಯ ಗೇರಿಗೆ ಇಳಿದು ನರಳತೊಡಗಿತು. "ಸ್ವಲ್ಪ ಇಳೀತೀ?" ಎಂದೆ. ಇಳಿದಳು. ನಾನು ಘಾಟಿನ ತುದಿಯ ಸುರಂಗದ ಬಾಯಿಯವರೆಗೆ ಸಾಹಸದಿಂದ ಹೋಗಿ ಕಾದೆ. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಬುತ್ತಿಯ ಡಬ್ಬಿ ಹಿಡಿದು ಬಿಸಿಲಲ್ಲಿ ಆಕೆ ನಡೆದು ಬಂದಳು. ಎಸ್.ಟಿ. ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿದರು.

"ನಿಮ್ಮನ್ನರ ಹೊತ್ತುಕೊಂಡು ಬಂತಲ್ಲ, ಅದ ದೊಡ್ಡದು," ಎಂದಳು.

ಜೂನಿನಲ್ಲಿ ಶಾಲೆ ಶುರುವಾಯಿತು. ಖಡಕಿ ಊರಿನ ಒಂದು ತುದಿ, ನನ್ನ ಕಚೇರಿ ಇನ್ನೊಂದು ತುದಿ. ಮೂರು ವಾರ ತಪ್ಪದೆ ಬಿಟ್ಟು ಬಂದೆ. ಆಮೇಲೆ ಮಳೆ ಹಿಡಿಯಿತು, ನನಗೆ ನೆಗಡಿ ಹಿಡಿಯಿತು. "ಇವತ್ತೊಂದಿನ ಬಸ್ಸಿಗೆ ಹೋಗು," ಎಂದೆ. ಆ 'ಒಂದಿನ' ದೀಪಾವಳಿಯವರೆಗೆ ನಡೆಯಿತು. ಪ್ರಾರ್ಥನೆ ಮುಗಿದ ಮೇಲೆ ಒಳಗೆ ಬರುವ ಟೀಚರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ? ಆಕೆಯ ಜಾಗಕ್ಕೆ ಬಂದವಳು ಮುಖಕ್ಕೆ ಓಢಣಿ ಬಿಗಿದುಕೊಂಡು ಗೇರಿಲ್ಲದ ಸ್ಕೂಟರಿನಲ್ಲಿ ಬರುತ್ತಾಳಂತೆ. ನನ್ನ ಹೆಂಡತಿ ಹೇಳಿದ್ದು ಅಷ್ಟೇ. ಜಗಳ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ, ಅದಕ್ಕೇ ಮಾಡಲಿಲ್ಲವೇನೋ. ಮತ್ತೆ ಯಾವ ಕೆಲಸಕ್ಕೂ ಅರ್ಜಿ ಹಾಕಲಿಲ್ಲ. ಏನನ್ನೂ ಕೇಳಲಿಲ್ಲ.

ಗಾಡಿ ಮುಂದೆ ಏಳೆಂಟು ವರ್ಷ ಗ್ಯಾಸ್ ಸಿಲಿಂಡರ್ ಹೊತ್ತಿತು. ಸೀರೆ ಚಕ್ರಕ್ಕೆ ಸಿಕ್ಕದಿರಲೆಂದು ಪಕ್ಕಕ್ಕೆ ಹಾಕಿಸಿದ್ದ ಕಬ್ಬಿಣದ ಜಾಳಿಗೆಯಲ್ಲಿ ಮೂಲಂಗಿ ಸಿಕ್ಕಿಸಿ ತರುತ್ತಿದ್ದೆ.

ಕೊನೆಗೆ ಮಾರಲು ಇಟ್ಟಾಗ ಬೆಳಗಾವಿ ಕಡೆಯವನೊಬ್ಬ ನೋಡಲು ಬಂದ. ಹೊಸದಾಗಿ ಮದುವೆಯಾದವ, ಹೆಂಡತಿಯನ್ನೂ ಕರೆತಂದಿದ್ದ.

"ಘಾಟ್ ಹತ್ತತದೇನ್ರಿ, ಕಾಕಾ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಉತ್ತರ ಬಂತು. "ಭಾಳ ಛಲೋ ಹತ್ತತದಪಾ. ಹಿಂದ ಕೂತವರು ಇಳದು ನಡೀಬೇಕು, ಅಷ್ಟ."

ಅವನು ಗಟ್ಟಿಯಾಗಿ ನಕ್ಕ. ಅವನ ಹೆಂಡತಿ ನಗಲಿಲ್ಲ. ಆಕೆ ಸೀಟಿನ ಎತ್ತರ ನೋಡುತ್ತಿದ್ದಳು.