ಗೊಣಗೋ ಪಾಮಿ

ಫ್ರೆಡಾ ಹಾಲಿವೆಲ್ ಪರ್ತ್‌ನಿಂದ ಬಲು ದೂರದ ಗಣಿಯೂರು ಯಾರಿಂಡಿಗೆ ಬಂದಿಳಿದ ದಿನವೇ ನಮ್ಮೂರು ಅವಳ ಹೆಸರನ್ನು ಕಿತ್ತುಕೊಂಡಿತು. ಐವತ್ತಾರನೇ ಇಸವಿಯ ಅಕ್ಟೋಬರ್. ಟಪಾಲು ಲಾರಿಯ ಮುಂದಿನ ಸೀಟಿನಿಂದ ಇಳಿದಳು, ತೋಳಿನ ಮೇಲೆ ಉಣ್ಣೆ ಕೋಟು, ಕೈ ಹಿಡಿದುಕೊಂಡು ಆರು ವರ್ಷದ ಮಗಳು ಮಾರಿನ್. ಆ ಬಿಸಿಲಿಗೆ ಉಣ್ಣೆ ಕೋಟು! ಅವಳ ಗಂಡ ವಿಲ್ಫ್ ಎರಡು ತಿಂಗಳು ಮೊದಲೇ ಬಂದು ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದ.

"ತಗೊಳ್ರಪ್ಪ, ಇನ್ನೊಂದು ಪಾಮಿ ಬಂತು. ಬೇಗ ನೆರಳಿಗೆ ಎಳ್ಕೊಳ್ಳಿ, ಕರಗಿಹೋದೀತು" ಎಂದ ಲಾರಿ ಡ್ರೈವರ್. ಎಲ್ಲರೂ ನಕ್ಕೆವು. ಅವಳೂ ನಕ್ಕಳು. "ಥ್ಯಾಂಕ್ಸ್ ಚಿನ್ನ" ಎಂದಳು ಅವನಿಗೆ. ಅವರ ಊರಿನ ಕಡೆ ಅಂಗಡಿಯವನಿಂದ ಪಾದ್ರಿಯವರೆಗೆ ಎಲ್ಲರೂ 'ಚಿನ್ನ'ವೇ ಅಂತೆ. ಡ್ರೈವರ್ ಕಿವಿಯವರೆಗೆ ಕೆಂಪಾದ. ಒಂದು ವಾರ ಪಬ್ಬಿನಲ್ಲಿ ಅವನನ್ನು ಯಾರೂ ಬೇರೆ ಹೆಸರಿನಿಂದ ಕರೆಯಲಿಲ್ಲ.

ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವರೆಲ್ಲ ನಮಗೆ ಪಾಮ್‌ಗಳು. ಗಂಡಾದರೂ ಪಾಮಿ, ಹೆಣ್ಣಾದರೂ ಪಾಮಿ. ಬೈಗುಳವೂ ಹೌದು, ಮುದ್ದೂ ಹೌದು. ಹೇಳುವವರ ಮುಖ ನೋಡಿ ಯಾವುದೆಂದು ತಿಳಿದುಕೊಳ್ಳಬೇಕು. ಬಿಸಿಲಿಗೆ ಅವರ ಕೆನ್ನೆ ದಾಳಿಂಬೆ ಹಣ್ಣಿನ ಹಾಗೆ ಕೆಂಪಾಗುತ್ತದಲ್ಲ, ಆ ಹಣ್ಣಿನ ಇಂಗ್ಲಿಷ್ ಹೆಸರೇ ಮುರಿದು ಪಾಮ್ ಆಗಿದ್ದು ಎನ್ನುತ್ತಿದ್ದ ನನ್ನ ಗಂಡ ಮರ್ವ್. ಅಲ್ಲ, ಹಿಂದಿನ ಕಾಲದ ಕೈದಿಗಳ ಅಂಗಿಯ ಮೇಲೆ ಬರೆದಿರುತ್ತಿದ್ದ ಅಕ್ಷರ ಅದು ಎಂದು ಇನ್ನೊಬ್ಬ. ಈ ಜಗಳಕ್ಕೆ ಎಷ್ಟು ಬಿಯರ್ ಖರ್ಚಾಯಿತೋ! ಪಾಮ್‌ಗಳು ಸ್ನಾನ ಮಾಡುವುದಿಲ್ಲ ಎಂಬುದು ಇನ್ನೊಂದು ಮಾತು. ಪಾಳಿ ಮುಗಿಸಿ ಬಂದ ಗಂಡಸರು, "ಗಂಟಲು ಪಾಮ್ ಮನೆ ಟವೆಲ್ ಥರ ಒಣಗಿದೆ, ಒಂದು ಗ್ಲಾಸ್ ಕೊಡು" ಎನ್ನುತ್ತಿದ್ದರು. ಆದರೆ ಎಲ್ಲಕ್ಕಿಂತ ಹೆಚ್ಚು ಓಡಾಡುತ್ತಿದ್ದ ಮಾತು 'ಗೊಣಗೋ ಪಾಮ್' ಎಂಬುದು. ಸೆಕೆ ಅಂದರೆ ಗೊಣಗೋ ಪಾಮ್. ನೊಣ ಅಂದರೆ ಗೊಣಗೋ ಪಾಮ್. ಒಬ್ಬ ಪಾಮ್ ಬಾಯಿ ತೆರೆದರೆ ಸಾಕು, ಏನು ಹೇಳುತ್ತಾನೆಂದು ಕೇಳುವ ಮೊದಲೇ ಉತ್ತರ ನಮ್ಮ ಹತ್ತಿರ ಸಿದ್ಧ.

ನನಗೆ ಆಗ ಇಪ್ಪತ್ತೆಂಟು. ಹೆಸರು ಡಲ್ಸಿ. ಕಂಪನಿಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಕೆಲಸ. ಫ್ರೆಡಾಳನ್ನು ಬಂದ ವಾರವೇ ನನ್ನ ಜೊತೆಗೆ ಹಾಕಿದರು. ಗಿರಣಿಯಲ್ಲಿ ಮೂಟೆ ತುಂಬುವವರ ಮೇಲುಡುಪುಗಳು ರಾಶಿ ಬಂದು ಬೀಳುತ್ತಿದ್ದವು. ನಾನು ಎಂದಿನ ಹಾಗೆ ಒಂದನ್ನು ಎತ್ತಿ ಬಾಗಿಲ ಹತ್ತಿರ ಜೋರಾಗಿ ಕೊಡವಿದೆ. ಬಿಸಿಲ ಕೋಲಿನಲ್ಲಿ ನೀಲಿ ಪುಡಿ ಎದ್ದು ತೇಲಿತು. ನೋಡಲು ಚೆಂದವಾಗಿಯೇ ಇರುತ್ತಿತ್ತು ಅದು, ಹೊಳೆಯುತ್ತಿತ್ತು.

ಫ್ರೆಡಾ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಡಲ್ಸಿ, ಇಲ್ಲಿ ಏನನ್ನ ಅಗೀತಾರೆ?"

"ಕಲ್ನಾರು, ಆಸ್ಬೆಸ್ಟಾಸ್. ಅಷ್ಟೂ ಗೊತ್ತಿಲ್ವಾ? ನಿನ್ನ ಗಂಡ ಹೇಳ್ಲಿಲ್ವಾ?"

"ಗಣಿ ಅಂದ. ಮನೆ ಕೊಡ್ತಾರೆ ಅಂದ." ಅವಳು ಹೊರಗೆ ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ನಿಂತಳು. ಬಿಸಿಲು ಹತ್ತಿತೆಂದು ನಾನು ಚಹಾ ಒಯ್ದುಕೊಟ್ಟೆ. ಆಗ ಹೇಳಿದಳು. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಅವಳ ಬೀದಿಯ ತುದಿಯಲ್ಲೇ ಕಲ್ನಾರು ನೂಲುವ ಗಿರಣಿ. ಅವಳ ಅಕ್ಕ ಎಲ್ಸಿ ಹದಿನಾಲ್ಕಕ್ಕೇ ಅಲ್ಲಿಗೆ ಸೇರಿದ್ದಳು. ಇಪ್ಪತ್ತೊಂಬತ್ತಕ್ಕೆ ಸತ್ತಳು.

"ಕೊನೇ ವರ್ಷ ಮೆಟ್ಟಿಲು ಹತ್ತೋಕಾಗ್ದೆ ಅಡುಗೆಮನೇಲೇ ಹಾಸಿಗೆ ಹಾಕಿದ್ವಿ. ಉಸಿರಾಡೋದು ಬೀದಿಗೆ ಕೇಳ್ಸೋದು, ಹಸಿ ಸೌದೆ ಗರಗಸದಲ್ಲಿ ಕುಯ್ದ ಹಾಗೆ. ಅದೇ ಪುಡಿ ಇದು, ಚಿನ್ನ. ಅಲ್ಲಿ ಬಿಳಿ ಇತ್ತು, ಇಲ್ಲಿ ನೀಲಿ."

"ಅಲ್ಲಿ ಮಂಜು, ಹೊಗೆ. ಇಲ್ಲಿ ಗಾಳಿ ಒಣ ಕಣೇ. ಇಲ್ಲಿ ಹಾಗೆಲ್ಲ ಆಗಲ್ಲ" ಎಂದೆ. ಕಂಪನಿಯವರು ನಮಗೆ ಹೇಳಿದ್ದೂ ಅದನ್ನೇ.

ಮರುದಿನದಿಂದ ಅವಳು ಬಟ್ಟೆಗಳನ್ನು ಕೊಡವಲೇ ಇಲ್ಲ. ಮೂತಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ರಾಶಿಯ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದು, ಆಮೇಲೆ ಮುಟ್ಟುತ್ತಿದ್ದಳು. ಕೆಲಸ ಎರಡರಷ್ಟಾಯಿತು. "ಬ್ಯಾಂಕ್ ದರೋಡೆಗೆ ಹೊರಟ್ಯಾ ಪಾಮಿ?" ಎಂದು ಹೋಗಿಬರುವವರು ಕೇಳುತ್ತಿದ್ದರು. ಮನೆಯಲ್ಲೂ ಅಷ್ಟೇ: ವಿಲ್ಫ್ ಹಿತ್ತಲಲ್ಲೇ ಬಟ್ಟೆ ಬಿಚ್ಚಿ, ಮೈಮೇಲೆ ನೀರು ಸುರಿದುಕೊಂಡು ಒಳಗೆ ಬರಬೇಕು. ಬೇಲಿಯಾಚೆ ಜನ ನಿಂತು ಶಿಳ್ಳೆ ಹಾಕುತ್ತಿದ್ದರು. ಪಾಮ್‌ಗೆ ದಿನಾ ಸ್ನಾನ ಅಂತೆ!

ವಿಲ್ಫ್ ಒಳ್ಳೆಯ ಮನುಷ್ಯನೇ. ಆದರೆ ಪಾಮ್ ಅನ್ನಿಸಿಕೊಳ್ಳುವುದು ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಮ್ಮ ಹಾಗೆ ಮೂಗಿನಲ್ಲಿ ಮಾತಾಡಲು ಕಲಿತ, ನಮಗಿಂತ ಹೆಚ್ಚು ಕುಡಿಯಲು ಕಲಿತ. ಎರಡು ತಿಂಗಳಾದ ಮೇಲೆ ಹಿತ್ತಲ ಸ್ನಾನ ನಿಂತಿತು. "ನನ್ನ ಮಾನ ಕಳೀಬೇಡ್ವೇ. ಸರ್ಕಾರದ ದುಡ್ಡಲ್ಲಿ ಹಡಗು ಹತ್ತಿ ಬಂದಿದೀವಿ, ಎರಡು ವರ್ಷ ಇಲ್ಲಿ ಇರಲೇಬೇಕು, ಇವರ ಜತೆ ಬದುಕ್ಬೇಕು" ಎಂದು ಅವನು ಕೂಗಾಡಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತ್ತು.

ಹೊಸ ವರ್ಷದಲ್ಲಿ ಶಾಲೆ ಶುರುವಾಗುವ ಮುಂಚೆ ಒಂದು ವಿಷಯ ನಡೆಯಿತು. ಶಾಲೆಯ ಅಂಗಳದ ತುಂಬ ನೆಗ್ಗಿಲು ಮುಳ್ಳು. ಮಕ್ಕಳು ಬರಿಗಾಲಲ್ಲಿ ಓಡಲಾರರು. ಗಿರಣಿಯ ಹಿಂದೆ ಗುಡ್ಡದಷ್ಟು ಬಿದ್ದಿದ್ದ ಕಲ್ನಾರಿನ ಪುಡಿಯನ್ನು ತಂದು ಅಂಗಳಕ್ಕೆ ಹಾಸಿಕೊಡುತ್ತೇವೆ ಎಂದರು ಕಂಪನಿಯವರು. ಮೆತ್ತಗೆ, ನುಣ್ಣಗೆ, ಮರಳಿಗಿಂತ ಚೆನ್ನ. ಧನ್ಯವಾದ ಹೇಳಲೆಂದು ಸಭೆ ಕರೆದೆವು. ಮ್ಯಾನೇಜರ್ ಕ್ರಾಡಕ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದೆ ಕೂತಿದ್ದ. ಸ್ಯಾಂಡ್‌ವಿಚ್ ಮೇಲೆ ಕೂತ ನೊಣ ಓಡಿಸುತ್ತಾ ನಾನು ಮೇಜಿನ ಹತ್ತಿರ ನಿಂತಿದ್ದೆ.

ಫ್ರೆಡಾ ಎದ್ದಳು.

"ಸರ್, ಅದನ್ನ ಮಕ್ಕಳ ಕಾಲ ಕೆಳಗೆ ಹಾಕ್ಬೇಡಿ. ಅದು ಶ್ವಾಸಕೋಶಕ್ಕೆ ಹೋದ್ರೆ ಹೊರಗೆ ಬರಲ್ಲ. ತಕ್ಷಣ ಏನೂ ಗೊತ್ತಾಗಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಕಾಯುತ್ತೆ. ನಮ್ಮೂರಲ್ಲಿ ನೋಡಿದೀನಿ."

"ನಿಮ್ಮೂರಲ್ಲಿ ಬಿಸಿಲು ನೋಡಿದೀಯೇನಮ್ಮಾ?" ಎಂದ ಕ್ರಾಡಕ್, ತುಂಬಾ ಮೆಲ್ಲಗೆ. ಸಭೆ ನಕ್ಕಿತು.

"ನಗಬೇಡಿ ಸರ್. ಇಲ್ಲಿ ಕೂತಿರೋರ ಮಕ್ಕಳು ನಿಮ್ಮನ್ನ ಕೇಳೋ ದಿನ ಬರುತ್ತೆ."

ಆಗ ಹಿಂದಿನ ಸಾಲಿನಿಂದ ನನ್ನ ಮರ್ವ್ ಕೂಗಿದ: "ಶುಕ್ರವಾರ ಹಡಗಿದೆ ಕಣಮ್ಮ ಗೊಣಗೋ ಪಾಮಿ! ಉಣ್ಣೆ ಕೋಟು ಮರೀಬೇಡ!"

ತಗಡಿನ ಸೂರು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ವಿಲ್ಫ್ ಬಾಗಿಲ ಹತ್ತಿರ ನಿಂತಿದ್ದ, ಅವನೂ ನಕ್ಕ. ಫ್ರೆಡಾ ಅವನನ್ನು ಮಾತ್ರ ನೋಡಿದಳು.

ಮರುವಾರ ಹನ್ನೊಂದು ಲಾರಿ ಪುಡಿ ಬಂತು. ಮಕ್ಕಳಿಗೆ ಹಬ್ಬ. ನನ್ನ ಲಿನೆಟ್‌ಗೂ ಆಗ ಆರು ವರ್ಷ, ಮಾರಿನ್‌ಳ ಜೊತೆಯವಳು. ಸಂಜೆ ಬಂದರೆ ರೆಪ್ಪೆಯ ಮೇಲೂ ನೀಲಿ. ಹಣೆ ಒರೆಸಿ ಮುತ್ತು ಕೊಡುತ್ತಿದ್ದೆ. ಮಧ್ಯಾಹ್ನ ಸುಂಟರಗಾಳಿ ಎದ್ದರೆ ಅಂಗಳದಿಂದ ಒಂದು ನೀಲಿ ಕಂಬ ನಿಂತು, ನಡೆದುಕೊಂಡು ಬಂದಂತೆ ಬೀದಿಯಲ್ಲಿ ಹಾದು, ತಂತಿಯ ಮೇಲಿನ ಬಟ್ಟೆ, ಮೇಜಿನ ಮೇಲಿನ ರೊಟ್ಟಿ, ತೊಟ್ಟಿಲಿನ ಸೊಳ್ಳೆಪರದೆ, ಎಲ್ಲದರ ಮೇಲೂ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಫ್ರೆಡಾಳ ಮನೆಯ ಕಿಟಕಿಗಳು ಮಾತ್ರ ಮುಚ್ಚಿರುತ್ತಿದ್ದವು. ಮಾರಿನ್‌ಳನ್ನು ಶಾಲೆಗೆ ಕಳಿಸಲಿಲ್ಲ. ಹೆಡ್ಮಾಸ್ತರರು ಎಚ್ಚರಿಕೆಯ ಕಾಗದ ಕಳಿಸಿದರು. ಆಗ ಬೆಳಿಗ್ಗೆ ಆರಕ್ಕೇ ಹೋಗಿ, ಶಾಲೆಯ ನಲ್ಲಿಗೆ ಪೈಪು ಸಿಕ್ಕಿಸಿ, ಅಂಗಳವನ್ನೆಲ್ಲ ತೋಯಿಸತೊಡಗಿದಳು. ಒಂಬತ್ತಕ್ಕೆ ಮಕ್ಕಳು ಬರುವಾಗ ನೆಲ ಒದ್ದೆ, ಹತ್ತೂವರೆಗೆ ಮತ್ತೆ ಪುಡಿ. ಮೂರು ವಾರ ಹೀಗೆ ನಡೆಸಿದಳು. ನೀರು ಪೋಲು ಮಾಡುತ್ತಾಳೆಂದು ನಲ್ಲಿಗೆ ಬೀಗ ಹಾಕಿದರು.

ಅದಾದ ಮೇಲೆ ಅವಳು ಯಾರಿಗೂ ಏನೂ ಹೇಳಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಗೊಣಗುವವಳು ಗೊಣಗುತ್ತಿದ್ದರೆ ಒಂದು ಥರ ಧೈರ್ಯ.

ಆಗಸ್ಟಿನ ಒಂದು ಮಧ್ಯಾಹ್ನ ನಮ್ಮ ಹಿತ್ತಲ ಜಗಲಿಗೆ ಬಂದಳು. ನಾನು ಕುರಿಮಾಂಸಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದೆ. ಕೂರು ಎಂದರೂ ಕೂರಲಿಲ್ಲ.

"ಗುರುವಾರದ ಲಾರಿಗೆ ನಾನೂ ಮಾರಿನ್ನೂ ಹೊರಡ್ತಿದೀವಿ. ಫ್ರೀಮ್ಯಾಂಟಲ್‌ಗೆ. ಬಿಸ್ಕತ್ ಫ್ಯಾಕ್ಟರೀಲಿ ಕೆಲಸ ಸಿಕ್ಕಿದೆ."

"ವಿಲ್ಫ್?"

"ಬರಲ್ಲ ಅಂದ. ಬಲವಂತ ಮಾಡೋಕೆ ಅವನೇನು ಮಗುನಾ?" ಜಗಲಿಯ ಕಂಬ ಹಿಡಿದು ನನ್ನ ಕಡೆ ಬಗ್ಗಿದಳು. "ಡಲ್ಸಿ, ಲಿನೆಟ್‌ನ ನನ್ನ ಜತೆ ಕಳಿಸ್ತೀಯಾ?"

ನನಗೆ ಅರ್ಥವಾಗಲಿಲ್ಲ. "ರಜಕ್ಕಾ?"

"ರಜಕ್ಕೆ ಅಂತಲೇ ಅಂದ್ಕೋ. ನೀವು ಈ ಊರು ಬಿಡೋವರೆಗೂ. ಮಾರಿನ್ ಜತೆ ಶಾಲೆಗೆ ಹೋಗ್ತಾಳೆ. ಸಮುದ್ರ ಹತ್ರ. ನನ್ನ ಮಗೂ ಥರಾನೇ ನೋಡ್ಕೋತೀನಿ, ನಿನ್ನಾಣೆ."

ಚಾಕುವನ್ನು ನೀರಿನ ಪಾತ್ರೆಗೆ ಎಸೆದೆ. "ನನ್ನ ಮಗೂನ ಸಾಕೋಕೆ ನಂಗೆ ಬರುತ್ತೆ. ಒಬ್ಬಳು ಪಾಮಿ ಬಂದು ಕಲಿಸ್ಬೇಕಾಗಿಲ್ಲ."

ಸಾವಿರ ಸಲ ಆ ಪದವನ್ನು ತಮಾಷೆಗೆ ಹೇಳಿದ್ದೆ. ಆ ಸಲ ಮಾತ್ರ ಉಗುಳಿದ್ದೆ. ಅವಳಿಗೂ ಗೊತ್ತಾಯಿತು.

"ಸರಿ, ಚಿನ್ನ. ಮರ್ವ್ ಬಟ್ಟೆನಾದ್ರೂ ನೆನೆಸಿ ಒಗಿ. ಕೊಡವಬೇಡ" ಎಂದು ಮೆಟ್ಟಿಲಿಳಿದು ಹೋದಳು.

ಪಾಮಿ ಸೋತು ಓಡಿಹೋದಳೆಂದು ಗುರುವಾರ ಪಬ್ಬಿನಲ್ಲಿ ಪಟಾಕಿ ಹೊಡೆದರಂತೆ. ನಾನು ಒಂದು ವಾರ ಬಟ್ಟೆ ನೆನೆಸಿ ಒಗೆದೆ. ಆಮೇಲೆ ಯಾರಿಗೆ ಬೇಕು ಎಂದು ಬಿಟ್ಟೆ.

ನಾವು ಇನ್ನೂ ಆರು ವರ್ಷ ಅಲ್ಲೇ ಇದ್ದು, ಆಮೇಲೆ ಪರ್ತ್‌ಗೆ ಬಂದೆವು. ಅರವತ್ತಾರರಲ್ಲಿ, ಲಾಭವಿಲ್ಲವೆಂದು, ಗಣಿಯನ್ನೇ ಮುಚ್ಚಿದರು. ಅಷ್ಟು ಹೊತ್ತಿಗೆ ಕೆಮ್ಮು ಶುರುವಾಗಿತ್ತು, ಮೊದಲು ವಿಲ್ಫ್‌ಗೆ. ಗಂಡ ಹೆಂಡತಿ ಮತ್ತೆ ಒಟ್ಟಿಗೆ ಬಾಳಲಿಲ್ಲ. ಆದರೆ ಎಪ್ಪತ್ತರಲ್ಲಿ ಅವನು ಪರ್ತ್‌ನ ಆಸ್ಪತ್ರೆಯಲ್ಲಿ ಕೊಳವೆಯಿಂದ ಉಸಿರೆಳೆಯುತ್ತಾ ಮಲಗಿದ್ದಾಗ ಪಕ್ಕದ ಕುರ್ಚಿಯಲ್ಲಿದ್ದವಳು ಫ್ರೆಡಾ. ಮರ್ವ್ ಎಪ್ಪತ್ತಮೂರರಲ್ಲಿ ಹೋದ. ಕೊನೆಗೆ ಅವನು ಒಂದು ವಾಕ್ಯ ಮುಗಿಸಲು ನಾಲ್ಕು ಸಲ ನಿಲ್ಲಬೇಕಾಗಿತ್ತು. ಸಮಾಧಿಯ ಹತ್ತಿರ ಯಾರಿಂಡಿಯ ಹಳಬರನ್ನು ಎಣಿಸಿದರೆ ಅರ್ಧದಷ್ಟು ಜನ ಇರಲಿಲ್ಲ. ಇದ್ದವರಲ್ಲಿ ಅರ್ಧದಷ್ಟು ಜನ ಕುರ್ಚಿ ಕೇಳಿದರು.

ಆಗಲೂ ನಾನು ಅಂದುಕೊಂಡಿದ್ದೆ, ಇದು ಗಿರಣಿಯಲ್ಲಿ ದುಡಿದವರ ರೋಗ, ಮಕ್ಕಳಿಗೇನು ಎಂದು. ಲಿನೆಟ್ ಬೆಳೆದಳು, ಟೀಚರ್ ಆದಳು, ಇಬ್ಬರು ಗಂಡುಮಕ್ಕಳನ್ನು ಹೆತ್ತಳು, ವಾರಾಂತ್ಯ ಟೆನಿಸ್ ಆಡುತ್ತಿದ್ದಳು. ಎಂಬತ್ತಾರರ ಮಾರ್ಚಿನಲ್ಲಿ, "ಅಮ್ಮಾ, ಬೆನ್ನು ಹಿಡ್ಕೊಂಡಿದೆ, ಸರ್ವ್ ಮಾಡೋಕಾಗ್ತಿಲ್ಲ" ಎಂದಳು. ಎದೆಯ ಎಕ್ಸ್‌ರೇ ತೆಗೆದ ಡಾಕ್ಟರು ಮೊದಲು ಕೇಳಿದ್ದು, "ಚಿಕ್ಕವರಿದ್ದಾಗ ಎಲ್ಲಿದ್ರಿ?" ಎಂದು. ನಾನು ಕಿಟಕಿಯ ಕಡೆ ತಿರುಗಿದೆ.

ಫ್ರೆಡಾಳ ವಿಳಾಸ ಹುಡುಕಿ ಫೋನ್ ಮಾಡಿದೆ. ನನ್ನ ಹೆಸರು ಹೇಳಿದೆ, ಅಷ್ಟೇ.

"ಯಾರು? ಲಿನೆಟ್ಟಾ?" ಎಂದಳು.

"ಹೂಂ."

"ಬರ್ತೀನಿ. ಯಾವ ಆಸ್ಪತ್ರೆ?"

ಬಂದಳು, ಎರಡು ಬಸ್ ಬದಲಿಸಿ, ವಾರಕ್ಕೆ ಮೂರು ದಿನ. ಲಿನೆಟ್‌ಳ ಕಾಲು ಒತ್ತುತ್ತಾ ಕೂರುತ್ತಿದ್ದಳು. ಒಂದು ದಿನ ಕಾರಿಡಾರಿನಲ್ಲಿ ನಾನು ಅವಳ ಕೈ ಹಿಡಿದು, "ಅವತ್ತು ಕಳಿಸಿದ್ರೆ ಬದುಕ್ತಿದ್ಲಾ ಫ್ರೆಡಾ?" ಎಂದು ಕೇಳಿದೆ.

ಸುಳ್ಳು ಹೇಳಬಹುದಿತ್ತು ಅವಳು. "ಗೊತ್ತಿಲ್ಲ. ಮಾರಿನ್‌ನ ಕರ್ಕೊಂಡು ಹೋಗಿದ್ದು ಹತ್ತು ತಿಂಗಳ ಮೇಲೆ. ಅಷ್ಟರಲ್ಲೇ ಏನು ಒಳಗೆ ಹೋಗಿದೆಯೋ, ಇವತ್ತಿಗೂ ಅವಳು ಕೆಮ್ಮಿದ್ರೆ ನಾನು ಎದ್ದು ಕೂರ್ತೀನಿ" ಎಂದಳು. ಕ್ಷಮಿಸು ಎಂದೆ. "ನೀನು ಒಬ್ಬಳೇ ನಕ್ಕಿದ್ದಾ?" ಎಂದಳು, ಅಷ್ಟೇ. ಹೋಗಲಿ ಬಿಡು ಎನ್ನಲಿಲ್ಲ.

ಲಿನೆಟ್ ಮೂವತ್ತಾರಕ್ಕೆ ಹೋದಳು, ನವೆಂಬರಿನಲ್ಲಿ. ನಾಲ್ಕು ವರ್ಷದ ನಂತರ ಫ್ರೆಡಾಳೂ ಅದೇ ರೋಗಕ್ಕೆ. ಗಣಿಯೊಳಗೆ ಕಾಲಿಟ್ಟವಳಲ್ಲ ಅವಳು, ಬಟ್ಟೆ ಒಗೆದದ್ದು, ಅದೂ ನೆನೆಸಿ. ಆದರೂ ಅದು ಬಿಡಲಿಲ್ಲ. ಸಾಯುವ ಮುಂಚೆ, ಯಾರಿಂಡಿಯ ಸಾವುಗಳ ಬಗ್ಗೆ ಸರ್ಕಾರ ಕೂರಿಸಿದ್ದ ವಿಚಾರಣಾ ಮಂಡಳಿಯೆದುರು ಸಾಕ್ಷಿ ಹೇಳಲು ಗಾಲಿಕುರ್ಚಿಯಲ್ಲಿ ಹೋಗಿದ್ದಳು. ಹುಟ್ಟಿದ್ದೆಲ್ಲಿ ಎಂದು ವಕೀಲ ಕೇಳಿದ. "ಲ್ಯಾಂಕಷೈರ್. ಇವರೆಲ್ಲ ಪಾಮಿ ಅಂತಾರೆ. ಬರ್ಕೊಳ್ಳಿ" ಎಂದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಯಾರಿಂಡಿಯವರಲ್ಲಿ ಒಬ್ಬರೂ ನಗಲಿಲ್ಲ.

ಈಗ ನನಗೆ ಎಪ್ಪತ್ತು. ಮಾರಿನ್‌ಗೆ ನಲವತ್ತೆಂಟು. ಪ್ರತಿ ಜೂನ್‌ನಲ್ಲಿ ಅವಳೇ ಕಾರು ತಂದು ನನ್ನನ್ನು ಕರೆದುಕೊಂಡು ಹೋಗುತ್ತಾಳೆ. ಇಬ್ಬರೂ ಎದೆಯ ಚಿತ್ರ ತೆಗೆಸುತ್ತೇವೆ, ಆಮೇಲೆ ಸಮುದ್ರದ ಹತ್ತಿರ ಮೀನು, ಆಲೂಗಡ್ಡೆ ತಿನ್ನುತ್ತೇವೆ. ಈ ಸಲ ಡಾಕ್ಟರು ನನ್ನ ಚಿತ್ರವನ್ನು ಬೇಗ ಕೆಳಗಿಟ್ಟರು. ಮಾರಿನ್‌ಳದನ್ನು ದೀಪದ ಮುಂದೆ ತುಂಬಾ ಹೊತ್ತು ಹಿಡಿದುಕೊಂಡರು.

"ಮುಂದಿನ ವರ್ಷ ಬೇಡ. ಸೆಪ್ಟೆಂಬರಿಗೇ ಬಂದ್ಬಿಡಿ" ಎಂದರು ಅವಳಿಗೆ.

ಅವಳು ಸರಿ ಎಂದು ಡೈರಿಯಲ್ಲಿ ಬರೆದುಕೊಂಡಳು. ಹೊರಗೆ ಬಂದು ಕಾರಿನ ಬಾಗಿಲು ತೆಗೆದು ನನ್ನನ್ನು ಕೂರಿಸಿ, "ಹಸಿವಾಗ್ತಿದೆ ಆಂಟಿ" ಎಂದಳು.