ಅರ್ಚಕ ಚಿಕ್ಕಪ್ಪನ ಪ್ರೊಫೈಲ್ ಫೋಟೋ

ಅರ್ಚನೆಗೆ ಹೆಸರು ಕೇಳಿದ ಚಿಕ್ಕಪ್ಪ, "ವೀಣಾ, ಅರಕಲಗೂಡಿಂದ ಬಂದಿದೀವಿ" ಅಂತ ಎದುರಿಗೆ ನಿಂತಿದ್ದ ಹುಡುಗಿ ಅಂದ ಕೂಡಲೇ ಗರ ಬಡಿದವರಂತೆ ನಿಂತುಬಿಟ್ಟರು.

ಪಕ್ಕದಲ್ಲೇ ಹೂವು ಬಿಡಿಸುತ್ತಿದ್ದ ನಾನೂ ಥಟ್ಟನೆ ತಲೆಯೆತ್ತಿ ನೋಡಿದೆ.

ಅದು ಸೈಬರ್ ಸೆಂಟರ್‌ಗಳ ಕಾಲ. ಹಳ್ಳಿಮೈಸೂರಿನ ಹತ್ತಿರದ ನಮ್ಮೂರ ದೇವಸ್ಥಾನಕ್ಕೆ ಚಿಕ್ಕಪ್ಪನೇ ಅರ್ಚಕರು. ಮೂವತ್ತೈದು ದಾಟಿದರೂ ಮದುವೆಯಿಲ್ಲ, ಪೂಜೆ ಮಾಡುವವರಿಗೆ ಹೆಣ್ಣು ಕೊಡುವವರೇ ಇರಲಿಲ್ಲ.

ಅದಕ್ಕೇ ನಾನು ಹಾಸನದ ಸೈಬರ್ ಸೆಂಟರಿನಲ್ಲಿ ಅವರಿಗೊಂದು ಪ್ರೊಫೈಲ್ ಮಾಡಿಕೊಟ್ಟಿದ್ದೆ. ಎಲ್ಲರೂ ಒಬ್ಬರ ಪುಟದಲ್ಲಿ ಇನ್ನೊಬ್ಬರು ಸ್ಕ್ರ್ಯಾಪ್ ಅಂತ ಸಂದೇಶ ಬರೆಯುತ್ತಿದ್ದ ದಿನಗಳು...

"ಜುಟ್ಟು ಕಾಣ್ಬಾರ್ದು ಕಣೆ" ಅಂತ ಚಿಕ್ಕಪ್ಪನದು ಒಂದೇ ಹಠ. ಕೊನೆಗೆ ಜೀನ್ಸ್ ಪ್ಯಾಂಟು, ಕೂಲಿಂಗ್ ಗ್ಲಾಸು, ತಲೆಗೆ ಕ್ಯಾಪು. ಉದ್ಯೋಗ, ಸ್ವಂತ ಬಿಸಿನೆಸ್! ನಕ್ಕೆನಾದರೂ ಒಳಗೊಳಗೇ ಸಂಕಟವಾಗಿತ್ತು.

ವೀಣಾ ಅರಕಲಗೂಡಿನವರು, ಚನ್ನರಾಯಪಟ್ಟಣದಲ್ಲಿ ಟೀಚರ್. ಅವರ ಪ್ರೊಫೈಲಿನಲ್ಲಿ ಇದ್ದದ್ದು ಬರೀ ಗುಲಾಬಿ ಹೂವು. ತಿಂಗಳುಗಟ್ಟಲೆ ಇಬ್ಬರ ನಡುವೆ ಮಾತು ನಡೆದಿತ್ತು.

ಅರ್ಚಕರ ಬಾಯಿ ಸುಮ್ಮನಿರುತ್ತದೆಯೇ? "ನಮ್ಮೂರ ದೇವಿ ಹತ್ರ ಕೇಳ್ಕೊಂಡಿದ್ದು ಆಗೇ ಆಗುತ್ತೆ, ಒಮ್ಮೆ ಬನ್ನಿ" ಅಂತ ತಾವೇ ಬರೆದಿದ್ದರು. ಈಗ ವೀಣಾ ತಾಯಿಯನ್ನು ಕರೆದುಕೊಂಡು ಬಂದೇಬಿಟ್ಟಿದ್ದಾರೆ!

ಪಂಚೆ, ಶಲ್ಯ, ಹಣೆ ತುಂಬಾ ಕುಂಕುಮ... ವೀಣಾಗೆ ಗುರುತೇ ಹತ್ತಲಿಲ್ಲ.

"ಭಾರದ್ವಾಜ ಗೋತ್ರ. ಬೇಗ ಮದುವೆಯಾಗ್ಲಿ ಅಂತ ಸಂಕಲ್ಪ ಮಾಡಿ" ಅಂದರು ತಾಯಿ.

ನಮ್ಮದು ಕಾಶ್ಯಪ. ಸದ್ಯ, ಗೋತ್ರ ಬೇರೆ ಅಂತ ಆ ಗಡಿಬಿಡಿಯಲ್ಲೂ ನನಗೆ ಸಮಾಧಾನ, ನೋಡಿ.

ಚಿಕ್ಕಪ್ಪ ಒಂದು ಅಕ್ಷರ ನುಂಗದೆ ಸಂಕಲ್ಪ ಮುಗಿಸಿ ಪ್ರಸಾದ ಕೊಟ್ಟರು. ತಾವು ಯಾರು ಅಂತ ಮಾತ್ರ ಹೇಳಲಿಲ್ಲ.

ಮರುದಿನ ನನ್ನ ಜೊತೆ ಹಾಸನಕ್ಕೆ ಬಂದವರೇ, ಆರತಿ ತಟ್ಟೆ ಹಿಡಿದು ನಿಂತ ಫೋಟೋ ಹಾಕಿಸಿದರು. "ನಿನ್ನೆ ಅರ್ಚನೆ ಮಾಡಿದೋನು ನಾನೇ" ಅಂತ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದೊಂದೇ ಕೀ ಹುಡುಕಿ ಟೈಪ್ ಮಾಡಿದರು.

ವಾರ ಕಳೆದರೂ ಉತ್ತರವಿಲ್ಲ. ಚಿಕ್ಕಪ್ಪ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅವರ ಮುಖ ನೋಡಿದರೆ ನನಗೆ ಅಳು ಬರುತ್ತಿತ್ತು.

ಕೊನೆಗೂ ಬಂತು. "ಅರ್ಚಕರು ಅಂತ ಮೊದಲೇ ಗೊತ್ತಿದ್ರೆ ನಾನು ಮಾತೇ ಆಡ್ತಿರ್ಲಿಲ್ಲ. ಈಗ ಮಾತಾಡ್ದೆ ಇರೋಕೆ ಆಗ್ತಿಲ್ಲ. ಮನೆಗೆ ಬಂದು ನಮ್ಮ ತಾಯಿನ ಕೇಳಿ."

ಆ ವೀಣಾನೇ ಇವತ್ತು ನನ್ನ ಚಿಕ್ಕಮ್ಮ.

ಈಗಿನ ಅರ್ಚಕ ಹುಡುಗರು ಪಂಚೆಯಲ್ಲೇ ರೀಲ್ಸ್ ಹಾಕುತ್ತಾರೆ, ನೋಡಿದಾಗ ಹೆಮ್ಮೆಯೇ ಆಗುತ್ತದೆ. ನಾವು ಏನೋ ಅದನ್ನೇ ತೋರಿಸಬೇಕು ಅಂತ ನನ್ನ ಮಕ್ಕಳಿಗೂ ಹೇಳುತ್ತೇನೆ.

ಆದರೆ ಚಿಕ್ಕಪ್ಪ ಅವತ್ತು ಮೊದಲೇ ಪಂಚೆ ಉಟ್ಟ ಫೋಟೋ ಹಾಕಿದ್ದರೆ ಚಿಕ್ಕಮ್ಮ ನಮ್ಮ ಮನೆಗೆ ಬರುತ್ತಿದ್ದರಾ... ನೀವೇ ಹೇಳಿ?