ಗಂಗಾಳ ಕಾಲಿಗೆ ಜಾಗ

ಗೆಳೆಯರೇ, ಇವತ್ತು ನಮ್ಮ ಗಾಡಿಯೊಳಗಿನ ಗೋಡೆ ಕೊರೆದೆವು. ಊರೂರಿಗೆ ಸಿನಿಮಾ ಡೇರೆ ಹಾಕುವ ನಮಗೆ ಲಾರಿಯ ಹಿಂದೆ ಕಟ್ಟುವ ಈ ಮರದ ಗಾಡಿಯೇ ಮನೆ. ಈಗ ಅಮೀನಗಡದಲ್ಲಿದ್ದೇವೆ. ನಮ್ಮ ಹೆಣ್ಣುಮಕ್ಕಳಿಬ್ಬರೂ ಚಿಕ್ಕವರಿದ್ದಾಗ ನಮ್ಮ ಯಜಮಾನರು ಒಂದರ ಮೇಲೊಂದು ಎರಡು ಹಲಗೆ ಮಂಚ ಬಡಿದಿದ್ದರು. ಮೇಲೆ ಮಲಗುವ ಗಂಗಾ ಈಗ ನನ್ನಷ್ಟೇ ಎತ್ತರ.

ಬೆಳಿಗ್ಗೆ ಅವಳು ಬಟ್ಟೆಗಂಟು ಕಟ್ಟಿದಳು. “ನಾ ಇಳಕಲ್ಲಿಗೆ ಅಜ್ಜಿ ಮನಿಗೆ ಹೋಗ್ತೇನಿ. ಅಲ್ಲೇ ಇರ್ತೇನಿ. ಇಲ್ಲಿ ಕಾಲು ಚಾಚಾಕ ಆಗಂಗಿಲ್ಲ.”

“ಯಾಕ ಆಗಂಗಿಲ್ಲ? ಭಾಳ ಜಾಗ ಐತಿ, ನೋಡು” ಎಂದು ಇವರು ತಾವೇ ಹತ್ತಿ ಮಲಗಿದರು. ಮೊಣಕಾಲು ಮೂಗಿಗೆ ಬಂತು. ಕಿರಿಯವಳು ನಕ್ಕಳು, ಗಂಗಾ ನಗಲಿಲ್ಲ. ಇವರು ಕೆಳಗಿಳಿದು, “ಗಂಗವ್ವಾ, ಗರಗಸ ತಾ” ಎಂದರು.

ಅವರ ಮಂಚಕ್ಕೂ ನಮ್ಮ ಹಾಸಿಗೆಗೂ ನಡುವಿನ ಹಲಗೆಗೋಡೆ ಕೊರೆದು ಮಂಚವನ್ನು ನಮ್ಮ ಕಡೆಗೆ ಒಂದು ಮೊಳ ಬೆಳೆಸಿದರು. ಮಧ್ಯಾಹ್ನವೇ ಗಂಗಾ ಗಂಟು ಬಿಚ್ಚಿ, ಕಾಲು ಚಾಚಿ ನಿದ್ದೆ ಹೋದಳು. ಅವಳ ಪಾದಗಳು ಸರಿಯಾಗಿ ನಮ್ಮ ದಿಂಬಿನ ಮೇಲ್ಗಡೆ ಬಂದಿವೆ.

“ಮಕ್ಕಳನ್ನ ತಲಿ ಮ್ಯಾಲೆ ಕೂಡಿಸ್ಕೋಬಾರದು ಅಂತಿದ್ರಲ್ಲ?” ಎಂದೆ.

“ಕೂತಿಲ್ಲ, ಮಲಗ್ಯಾಳ. ಮೆಲ್ಲಕ ಮಾತಾಡು” ಎಂದರು.